ಸಹಕಾರಿ ಪಿತಾಮಹ ಸಿದ್ದನಗೌಡ ಪಾಟೀಲರು

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಸಹಕಾರ ಚಳವಳಿಗೆ ಬುನಾದಿ ಹಾಕಿದ ಮಹನೀಯರನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯ. ಅವರೇ ಗದಗ ಸಮೀಪದ ಕಣಗಿನಹಾಳ ಗ್ರಾಮದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಬಡತನ ನಮ್ಮ ಹಣೆಬರಹ, ಅದು ಹೋಗೋದಲ್ಲ ಅಂತ ಕಟ್ಟೆ ಮೇಲೆ ಕೂತು ಮಾತಾಡುವ ನಮಗೆ ಅವರ ಜೀವನ ಒಂದು ಪಾಠವಾಗಿದೆ.

ಗೌಡರು ಹುಟ್ಟಿದ್ದು 1843ರಲ್ಲಿ. ಅವರು ಮೂವತ್ತು ದಾಟಿದಾಗ, 1876ರಿಂದ 78ರವರೆಗೆ, ಘೋರ ಬರಗಾಲ ಬಂತು. ದಕ್ಷಿಣ ಭಾರತದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಬದುಕಿ ಉಳಿದ ರೈತನಿಗೆ ಬೀಜಕ್ಕೂ ಎತ್ತಿಗೂ ಸಾಹುಕಾರನ ಮನೆಯೇ ಗತಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 36 ರೂಪಾಯಿ. ಸುಗ್ಗಿಯಾದ ಕೂಡಲೆ ಅಗ್ಗದ ದರಕ್ಕೆ ಕಾಳು ಅಳೆದು ಕೊಟ್ಟು, ಮುಂದಿನ ಬಿತ್ತಿಗೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕು. ಎಷ್ಟು ದುಡಿದರೂ ಅಸಲು ತೀರದು. ಇದು ಸೋಮಾರಿತನದ ಬಡತನವಲ್ಲ, ಲೆಕ್ಕದ ಪುಸ್ತಕದ ಬಡತನ. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ಸಿಟ್ಟಿಗೆದ್ದು ಆ ಸಾಲಪತ್ರಗಳನ್ನೇ ಸುಟ್ಟರು. ಪತ್ರ ಸುಟ್ಟರೂ ಮುಂದಿನ ವರ್ಷದ ಬೀಜಕ್ಕೆ ರೊಕ್ಕ ಬೇಕಲ್ಲ!

ಕೊನೆಗೆ ಬ್ರಿಟಿಷ್ ಸರ್ಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಮಾಡಿತು. ಜರ್ಮನಿಯ ರೈಫಿಸನ್ ಎಂಬ ಮಹಾನುಭಾವ ಹಳ್ಳಿಗಳಲ್ಲಿ ಕಟ್ಟಿದ ಸಂಘಗಳೇ ಅದಕ್ಕೆ ಮಾದರಿ. ಆದರೆ ಕಾಯ್ದೆ ತಾನಾಗಿ ಊರಿಗೆ ನಡೆದು ಬರುವುದಿಲ್ಲ, ಯಾರಾದರೂ ತರಬೇಕು. 62ರ ವಯಸ್ಸಿನಲ್ಲಿ ಆ ಕೆಲಸಕ್ಕೆ ನಿಂತವರು ನಮ್ಮ ಗೌಡರು. 1905ರಲ್ಲಿ 2000 ರೂಪಾಯಿ ಬಂಡವಾಳದಿಂದ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಂಘ ಆರಂಭವಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಅದು ಹೆಸರಾಗಿದೆ.

ಆ ಕಾಲದ ಹಳ್ಳಿಯ ಸಂಘದಲ್ಲಿ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸಾಲ ಮುಳುಗಿಸಿದರೆ ಉಳಿದವರೆಲ್ಲ ತುಂಬಬೇಕು. ಆದ್ದರಿಂದ ಯಾರಿಗೆ ಕೊಡಬೇಕು, ಯಾತಕ್ಕೆ ಕೊಡಬೇಕು ಅಂತ ಊರವರೇ ಕಣ್ಣಿಟ್ಟು ನೋಡುತ್ತಿದ್ದರು. ಒಬ್ಬೊಬ್ಬನಾಗಿ ಬಡವನಾದರೂ ಹತ್ತು ಜನ ಕೂಡಿದರೆ ಅವರ ಮಾತಿಗೆ ಪತ್ತು ಹುಟ್ಟುತ್ತದೆ, ಇದೇ ಗುಟ್ಟು. ಗೌಡರು 1933ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ದೇಶದ ತುಂಬ ಸಾವಿರಾರು ಸಂಘಗಳು ಎದ್ದಿದ್ದವು.

ನಮ್ಮ ಯಾದಗಿರಿ, ಶಹಾಪುರ, ಸುರಪುರ ಆಗ ನಿಜಾಮರ ಆಡಳಿತದಲ್ಲಿದ್ದವು. ಬ್ರಿಟಿಷರ ಆ ಕಾಯ್ದೆ ನಮಗೆ ಸಿಗಲಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ನಮ್ಮ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಬರೆಯಿತು. ನಾರಾಯಣಪುರದಿಂದ ಕೃಷ್ಣೆಯ ನೀರು ಬಂತು, ಕಾಲುವೆ ಕೆಳಗೆ ಭತ್ತ ಬೆಳೆಯಿತು. ಆದರೂ ದುಡಿಯಲು ಬೆಂಗಳೂರು, ಪುಣೆಗೆ ಗುಳೆ ಹೋಗುವವರು ನಿಂತಿಲ್ಲ. ಯಾಕೆ?

ನಿರ್ದೇಶಕನಾಗಿ ನಾನು ಕಂಡದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಬಡ್ಡಿಯಿಲ್ಲದ ಬೆಳೆ ಸಾಲ ಪಹಣಿ ಇದ್ದವನಿಗೆ ಸಿಗುತ್ತದೆ. ಇನ್ನೊಬ್ಬರ ಹೊಲ ಪಾಲಿಗೆ ಮಾಡುವವನಿಗೆ, ಕೂಲಿಯವನಿಗೆ ಇಲ್ಲ. ಅವನು ಇಂದಿಗೂ ಅಡತಿ ಅಂಗಡಿಯ ಕೈಸಾಲಕ್ಕೇ ಕೈ ಒಡ್ಡುತ್ತಾನೆ. ಗೌಡರ ಕಾಲದ ರೈತ ನಿಂತಿದ್ದ ಜಾಗದಲ್ಲಿ ಇಂದು ಇವನು ನಿಂತಿದ್ದಾನೆ. ಬಡತನ ವ್ಯವಸ್ಥೆಯೊಳಗೇ ಇದೆ ಎನ್ನುವುದು ಸುಳ್ಳಲ್ಲ. ಆದರೆ ಆ ವ್ಯವಸ್ಥೆ ದೇವರು ಮಾಡಿದ್ದಲ್ಲ, ನಾವೇ ಮಾಡಿದ್ದು. ನಾವೇ ತಿದ್ದಬಹುದು.

ಹೊಲವಿಲ್ಲದವರು ಕೂಡಿ ಒಬ್ಬರಿಗೊಬ್ಬರು ಜಾಮೀನಾಗುವ ಜಂಟಿ ಬಾಧ್ಯತಾ ಗುಂಪುಗಳಿಗೆ ಸಾಲ ಕೊಡಲು ನಬಾರ್ಡ್ ದಾರಿ ತೋರಿಸಿದೆ. ಇದು ಕಣಗಿನಹಾಳದ ಹಳೆಯ ದಾರಿಯೇ. ಬರುವ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ, ಪಡೆದ ಸಾಲವನ್ನು ನಾವೂ ವಾಯಿದೆಗೆ ಕಟ್ಟೋಣ. ಗೌಡರಿಗೆ ಹಾರ ಹಾಕುವುದಕ್ಕಿಂತ ಅದೇ ದೊಡ್ಡ ಪೂಜೆ ಎಂದು ತಿಳಿಸಿ ನನ್ನ ಲೇಖನ ಮುಗಿಸುತ್ತೇನೆ.

ಜೈ ಸಹಕಾರ.