ಕಲಿಸಲು ಬಂದು ಕಲಿಯುತ್ತಾ ಹೋದ ಕಿಟೆಲ್

ಪರಿಗಿ, ಹಿಂದೂಪುರ, ಮಡಕಶಿರಾ ಕಡೆಯ ಜನರ ಮಾತಿನಲ್ಲಿ ಕನ್ನಡ ಮತ್ತು ತೆಲುಗು ಬೆರೆತಿರುವುದು ನಮಗೆಲ್ಲ ಗೊತ್ತೇ ಇದೆ. ಈ ಎರಡು ಭಾಷೆಗಳ ನಂಟನ್ನು ನೂರು ವರ್ಷಗಳಿಗೂ ಹಿಂದೆಯೇ ಒಂದೊಂದು ಪದದ ಮುಂದೆ ಬರೆದಿಟ್ಟವರು ರೆವರೆಂಡ್ ಫರ್ಡಿನಾಂಡ್ ಕಿಟೆಲ್. ಆದರೆ ಅವರು ಇಲ್ಲಿಗೆ ಬಂದದ್ದು ನಿಘಂಟು ಬರೆಯಲು ಅಲ್ಲ, ಕ್ರೈಸ್ತ ಧರ್ಮವನ್ನು ಬೋಧಿಸಲು.

ಕಿಟೆಲ್ 1832ರಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 21 ವರ್ಷ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು ಕೆಲಸ ಮಾಡಿದರು.

ಜನರ ಭಾಷೆ, ನಡೆನುಡಿ ತಿಳಿಯದೆ ಬೋಧಿಸಿದರೆ ಅದು ಯಾರ ಮನಸ್ಸಿಗೂ ಮುಟ್ಟುವುದಿಲ್ಲ ಎಂದು ಅವರು ಬೇಗನೆ ಅರಿತರು. ಬೋಧಕನ ಪೀಠದಿಂದ ಇಳಿದು ವಿದ್ಯಾರ್ಥಿಯಾದರು. 1862ರಲ್ಲಿ ಪ್ರಕಟವಾದ 'ಕಥಾಮಾಲೆ'ಯಲ್ಲಿ ಏಸುವಿನ ಜೀವನವನ್ನು ಕನ್ನಡದ ಪದ್ಯದ ಧಾಟಿಯಲ್ಲೇ ಹೇಳಿದರು. ಬೇರೆ ಧರ್ಮದ ಗ್ರಂಥಗಳೆಂದು ಬದಿಗಿಡದೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಶ್ರದ್ಧೆಯಿಂದ ಓದಿದರು. ಕೇಶಿರಾಜನ 'ಶಬ್ದಮಣಿದರ್ಪಣ' ಮತ್ತು ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು.

ಇದು ಮಿಷನ್ನಿನ ಹಿರಿಯರಿಗೆಲ್ಲ ಹಿಡಿಸಲಿಲ್ಲ. ಧರ್ಮಪ್ರಚಾರಕ್ಕೆ ಬಂದವರು ಸಾಹಿತ್ಯದಲ್ಲಿ ಮುಳುಗಿದ್ದಾರೆ ಎಂಬ ಅಸಮಾಧಾನ ಇತ್ತು. ಕಿಟೆಲ್ ಮಿಷನ್ ಬಿಡಲಿಲ್ಲ, ಓದನ್ನೂ ಬಿಡಲಿಲ್ಲ.

ಕೊನೆಗೆ ನಿಘಂಟಿನ ಹೊಣೆ ಅವರ ಹೆಗಲಿಗೇ ಬಂತು. ಈ ಹಾದಿಯಲ್ಲಿ ಅವರಿಗಿಂತ ಮೊದಲು ನಡೆದವರು ನಮ್ಮ ಪಕ್ಕದ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್. ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ, ಅಂದರೆ ಕಿಟೆಲ್ ಹುಟ್ಟಿದ ವರ್ಷವೇ ಹೊರಬಂದಿತ್ತು. ಕಿಟೆಲ್ ಹಳೆಯ ಕಾವ್ಯಗಳ ಜೊತೆಗೆ ಹಳ್ಳಿಗರ ಗಾದೆ, ಗಿಡಮರಗಳ ಹೆಸರು, ಮನೆಮಾತುಗಳನ್ನೂ ಸೇರಿಸಿದರು. ಇಲ್ಲಿನ ಪಂಡಿತರ ನೆರವು ಪಡೆದರು. ತಮಿಳು, ತೆಲುಗು, ಮಲಯಾಳ, ತುಳು ಪದಗಳ ಜೊತೆ ಹೋಲಿಸಿ ನೋಡಿದರು.

ಸುಮಾರು ಎರಡು ದಶಕಗಳ ದುಡಿಮೆಯ ಫಲವಾಗಿ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. 1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅಷ್ಟಕ್ಕೇ ಅವರು ಲೇಖನಿ ಕೆಳಗಿಡಲಿಲ್ಲ. ಕನ್ನಡ ವ್ಯಾಕರಣವನ್ನು ಬರೆದು 1903ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.

ಇಂದು ಧಾರವಾಡದ ಕಾಲೇಜಿಗೆ ಕಿಟೆಲ್ ಹೆಸರಿದೆ, ಬೆಂಗಳೂರಿನಲ್ಲಿ ಪ್ರತಿಮೆ ಇದೆ. ಅವರು ಕೊನೆಯವರೆಗೂ ಕ್ರೈಸ್ತ ಪಾದ್ರಿಯಾಗಿಯೇ ಬಾಳಿದರು. ಪರರಿಂದ ಕಲಿತದ್ದರಿಂದ ಅವರ ನಂಬಿಕೆ ಸಡಿಲವಾಗಲಿಲ್ಲ. ನನಗೆಲ್ಲ ಗೊತ್ತು ಎಂಬ ಭಾವನೆ ಬಿಟ್ಟು ಕಿವಿಗೊಟ್ಟಿದ್ದರಿಂದಲೇ ದೂರದ ಊರಿನ ಒಬ್ಬ ಪಾದ್ರಿ ಎಲ್ಲ ಧರ್ಮದ ಕನ್ನಡಿಗರಿಗೂ ಬೇಕಾದವರಾದರು. ಇದು ಎಲ್ಲ ಮತದವರೂ ನೆನಪಿಡಬೇಕಾದ ಮಾತು.