ನೇಗಿಲಿನಿಂದ ಲೇತಿನವರೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ಬ್ರೇಕ್ ಒತ್ತಿದಾಗ ಕಾರಿನ ಸ್ಟೇರಿಂಗ್ ಗಡಗಡ ನಡುಗಿದರೆ, ಡಿಸ್ಕ್ ಬೆಂಡ್ ಆಗಿದೆ ಅನ್ನೋದೇ ಸಾಮಾನ್ಯವಾಗಿ ಕೇಳಿಬರೋ ಮೊದಲ ಮಾತು. ಆಮೇಲೆ ಡಿಸ್ಕ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯುತ್ತಾರೆ. ಆ ಲೇತು ಹಳೇದಾಗಿದ್ದರೆ ಅದರ ಮೇಲೆ ಕಿರ್ಲೋಸ್ಕರ್ ಅನ್ನೋ ಹೆಸರು ಇದ್ದರೂ ಇರಬಹುದು. ಹಾಗಿದ್ದರೆ ಅದು ಎಲ್ಲೋ ದೂರದಿಂದ ಬಂದದ್ದಲ್ಲ. ನಮ್ಮ ಎಸ್.ಎಸ್. ಬಡಾವಣೆಯಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯ ಹರಿಹರದಲ್ಲಿ ತಯಾರಾದದ್ದು.

ಆ ಹೆಸರಿನ ಹಿಂದಿರೋ ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶೀನಾಥಪಂತರು ವೇದಾಂತ ಓದಿಕೊಂಡವರು. ಮಗನ ಮನಸ್ಸು ಚಿತ್ರಗಳ ಮೇಲೆ, ಯಂತ್ರಗಳ ಮೇಲೆ. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಅಲ್ಲಿ ಗೊತ್ತಾಯಿತು, ಅವರಿಗೆ ಕೆಲವು ಬಣ್ಣ ಸರಿಯಾಗಿ ಕಾಣಿಸಲ್ಲ ಅಂತ. ಚಿತ್ರಕಾರನಾಗೋ ಆಸೆ ಅಲ್ಲಿಗೆ ಮುಗಿಯಿತು. ಆದರೆ ಗೆರೆ ಎಳೆಯೋಕೆ ಬಣ್ಣ ಬೇಕಿಲ್ಲವಲ್ಲ. ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಶಾಲೆಯಲ್ಲಿ, ಅಂದರೆ ಇವತ್ತಿನ ವಿ.ಜೆ.ಟಿ.ಐ.ನಲ್ಲಿ, ಅದನ್ನೇ ಕಲಿಸೋ ಮೇಷ್ಟರಾದರು.

ಹೊಸ ಹೊಸದಾಗಿ ಸೈಕಲ್ ಬರುತ್ತಿದ್ದ ಕಾಲ ಅದು. ಅಣ್ಣ ರಾಮಣ್ಣನ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ತಮ್ಮ ಮುಂಬಯಿಯಿಂದ ಕಳಿಸೋದು, ಅಣ್ಣ ಬೆಳಗಾವಿಯಲ್ಲಿ ಮಾರೋದು. ಕಿರ್ಲೋಸ್ಕರ್ ಬ್ರದರ್ಸ್ ಅನ್ನೋ ಹೆಸರು ಶುರುವಾದದ್ದು ಹೀಗೆ. ಶಾಲೆಯಲ್ಲಿ ಬಡ್ತಿಯ ಸರದಿ ಬಂದಾಗ ಇವರನ್ನು ಬಿಟ್ಟು ಒಬ್ಬ ಆಂಗ್ಲೋ-ಇಂಡಿಯನ್‌ಗೆ ಕೊಟ್ಟರು. ಲಕ್ಷ್ಮಣರಾವ್ ರಾಜೀನಾಮೆ ಕೊಟ್ಟು ಊರಿಗೆ ಬಂದುಬಿಟ್ಟರು.

ಬೆಳಗಾವಿಯಲ್ಲಿ ಮೇವು ಕತ್ತರಿಸೋ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ಮಣ್ಣಿಗೆ ವಿಷ ಅಂತ ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗೋಕೆ ಎರಡು ವರ್ಷ ಹಿಡಿಯಿತು. ಮಾರ್ಕೆಟಿಂಗ್ ಪಾಠದಲ್ಲಿ ಎರಡು ವರ್ಷ ಅಂದರೆ ಒಂದು ಸಾಲು. ಮನೆ ನಡೆಸೋನಿಗೆ ಅದು ಇಪ್ಪತ್ನಾಲ್ಕು ತಿಂಗಳು. ಕೊನೆಗೆ ನೇಗಿಲು ಕೈ ಹಿಡಿಯಿತು ಅನ್ನೋ ಹೊತ್ತಿಗೆ ಜಾಗವೇ ಹೋಯಿತು: ಬಡಾವಣೆ ಮಾಡೋಕೆ ಬೇಕು ಅಂತ ಕಾರ್ಖಾನೆ ಎತ್ತಿಸಿದರು. ಔಂಧ್ ಸಂಸ್ಥಾನದ ರಾಜರು ಬಂಜರು ಜಮೀನು ಕೊಟ್ಟು, ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಕುಂಡಲ್ ರೋಡ್ ಸ್ಟೇಷನ್ ಪಕ್ಕ, ಪಾಪಾಸುಕಳ್ಳಿ ಮತ್ತು ಹಾವುಗಳ ನಡುವೆ, ಕಿರ್ಲೋಸ್ಕರವಾಡಿ ಹುಟ್ಟಿತು. ಜೈಲಿಗೆ ಹೋಗಿ ಬಂದವರನ್ನು ಅಲ್ಲಿ ಕಾವಲಿಗೆ ಇಟ್ಟರು, ಊರೊಳಗೆ ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ. ನನಗೆ ನೇಗಿಲಿಗಿಂತ ಇದೇ ದೊಡ್ಡದು ಅನ್ನಿಸುತ್ತೆ.

ಮೊದಲ ಮಹಾಯುದ್ಧ ಬಂದಾಗ ಕಬ್ಬಿಣವೂ ಇಲ್ಲ, ಕಲ್ಲಿದ್ದಲೂ ಇಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು ಹಳೇ ಫಿರಂಗಿಗಳನ್ನು ಕೊಟ್ಟರು. ಅವನ್ನು ಕರಗಿಸಿ ನೇಗಿಲು ಮಾಡಿದರು.

ಎರಡನೇ ಯುದ್ಧ ಬಂದಾಗ ಹೊರದೇಶದಿಂದ ಯಂತ್ರ ತರಿಸೋದು ಕಷ್ಟವಾಯಿತು. 1941ರಲ್ಲಿ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಮಾಡೋದು ಲೇತು. ಆಗ ಲಕ್ಷ್ಮಣರಾವ್‌ಗೆ ಎಪ್ಪತ್ತು ದಾಟಿತ್ತು. ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿ ಬಂದಿದ್ದ ಮಗ ಶಂತನುರಾವ್ ಮತ್ತು ಅವರ ತಲೆಮಾರಿನವರು ಉದ್ಯಮದ ಹೊಣೆ ಹೊತ್ತಿದ್ದರು.

ಈಗ ನಡುಗೋ ಕಾರಿಗೆ ಬರೋಣ. ಬ್ರೇಕ್ ಮುಟ್ಟದೇ ಎಂಬತ್ತು-ತೊಂಬತ್ತರ ಸ್ಪೀಡಲ್ಲೇ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಅಥವಾ ಡ್ರಮ್ ಮೇಲೆ ಅನುಮಾನ. ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ನಿಜ ಹೇಳಬೇಕಂದರೆ ಹೆಚ್ಚಿನ ಸಲ ಡಿಸ್ಕ್ ಬೆಂಡ್ ಆಗಿರೋದೇ ಇಲ್ಲ. ಹಬ್ ಮುಖದ ಮೇಲೆ ತುಕ್ಕು ಕೂತಿದ್ದರೆ, ಇಲ್ಲಾ ವೀಲ್ ನಟ್‌ಗಳನ್ನು ಒಂದಕ್ಕೊಂದು ಹೊಂದದ ಹಾಗೆ ಬಿಗಿದಿದ್ದರೆ, ಡಿಸ್ಕ್ ಸ್ವಲ್ಪ ಓರೆಯಾಗಿ ಕೂರುತ್ತೆ. ಪ್ರತಿ ಸುತ್ತಿಗೂ ಅದೇ ಜಾಗ ಪ್ಯಾಡಿಗೆ ಉಜ್ಜಿ, ಸಾವಿರಾರು ಕಿಲೋಮೀಟರ್ ಆದ ಮೇಲೆ ಅಲ್ಲಿ ತೆಳ್ಳಗಾಗುತ್ತೆ. ದಪ್ಪದಲ್ಲಿ 0.02 ಮಿ.ಮೀ. ವ್ಯತ್ಯಾಸ ಬಂದರೂ ಪೆಡಲಿಗೆ ತಿಳಿಯುತ್ತೆ. ಅದು ಕಣ್ಣಿಗೆ ಕಾಣಲ್ಲ. ಓರೆಗೆ ಡಯಲ್ ಗೇಜ್, ದಪ್ಪಕ್ಕೆ ಮೈಕ್ರೋಮೀಟರ್ ಬೇಕು. ಡಿಸ್ಕಿನ ಸುತ್ತ ಏಳೆಂಟು ಕಡೆ ಅಳೆದು ನೋಡಬೇಕು.

ಸರಿ, ಲೇತಿಗೆ ಹಾಕಿ ಸ್ಕಿಮ್ಮಿಂಗ್ ಮಾಡಿಸ್ತೀವಿ. ಆದರೆ ಆ ಲೇತಿನ ಸ್ಪಿಂಡಲ್ಲೇ ಡಿಸ್ಕಿಗಿಂತ ಹೆಚ್ಚು ಓಲಾಡಿದರೆ? ಇರೋ ತಪ್ಪು ಹೋಗಿ ಹೊಸ ತಪ್ಪು ಬರುತ್ತೆ, ಕಾರು ಮತ್ತೆ ನಡುಗುತ್ತೆ. ನೇಗಿಲು ಒಂದು ಮಿಲಿಮೀಟರ್ ಆಚೀಚೆ ಆದರೂ ಹೊಲ ಉಳುತ್ತೆ, ಲೇತು ಆಗಲ್ಲ. ನೇಗಿಲು ಮಾಡೋ ಮನೆತನ ಲೇತಿಗೆ ಕೈ ಹಾಕಿದ್ದು ಎಷ್ಟು ದೊಡ್ಡ ಜಿಗಿತ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಜೊತೆಗೆ ಇನ್ನೊಂದು ವಿಷಯ: ಲೇತಿನ ಬೆಡ್ಡು, ಬ್ರೇಕ್ ಡಿಸ್ಕು ಎರಡೂ ಸಾಮಾನ್ಯವಾಗಿ ಬೂದು ಎರಕದ ಕಬ್ಬಿಣದವು. ಅದರೊಳಗಿನ ಗ್ರಾಫೈಟ್ ಪದರಗಳು ಕಂಪನವನ್ನು ನುಂಗಿಕೊಳ್ಳುತ್ತವೆ. ಮೆಟೀರಿಯಲ್ ಸೈನ್ಸ್ ಪೇಪರಿನಲ್ಲಿ ಬಾಯಿಪಾಠ ಮಾಡೋ ಆ ಚಿತ್ರ ಇದೇ.

ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಹರಿಹರದ ಕಾರ್ಖಾನೆ ದಶಕಗಳ ಕಾಲ ಲೇತು ಮಾಡಿ, ಈ ಶತಮಾನದ ಶುರುವಿನಲ್ಲಿ ಮುಚ್ಚಿತು. ಅದನ್ನೇ ನಂಬಿದ್ದ ಮನೆಗಳಿಗೆ ಬಿದ್ದ ಏಟನ್ನು ಹರಿಹರದ ಹಿರಿಯರ ಹತ್ತಿರ ಕೂತು ಕೇಳಬೇಕು. ಅಲ್ಲಿಂದ ಹೋದ ಟರ್ನ್‌ಮಾಸ್ಟರ್ ಲೇತುಗಳು ಎಷ್ಟೋ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಅಂಥದ್ದೊಂದರ ಹತ್ತಿರ ಡಿಸ್ಕ್ ಒಯ್ಯೋ ಮುಂಚೆ ಅದರ ಅಂಚಿನಲ್ಲಿ ಅಚ್ಚಾಗಿರೋ ಕನಿಷ್ಠ ದಪ್ಪ ಓದಿಕೊಳ್ಳಿ. ಸ್ಕಿಮ್ಮಿಂಗ್ ಆದ ಮೇಲೆ ಅದಕ್ಕಿಂತ ಕಡಿಮೆ ಆಗೋದಾದರೆ ಹೊಸ ಡಿಸ್ಕೇ ಹಾಕಿಸಬೇಕು. ಹಾಕೋವಾಗ ಹಬ್ ಮುಖದ ತುಕ್ಕು ಉಜ್ಜಿ ತೆಗೆದು, ನಟ್‌ಗಳನ್ನು ಎದುರುಬದುರಾಗಿ ಟಾರ್ಕ್ ರೆಂಚಿನಲ್ಲೇ ಬಿಗಿಸಿ.