ಸೇವೆಯೇ ನಾಯಕತ್ವ: ಸಂತ ಜೋಸೆಫ್ ವಾಜ್

ಕಡೆಯ ಭೋಜನದ ರಾತ್ರಿ ಪ್ರಭು ಯೇಸು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದರು. ಧರ್ಮಸಭೆಯಲ್ಲಿ ನಾಯಕತ್ವವೆಂಬುದರ ಅರ್ಥ ಅಂದೇ ನಿರ್ಣಯವಾಯಿತು. ಆ ಆದರ್ಶವನ್ನು ನಮ್ಮ ಕನ್ನಡ ಕರಾವಳಿಯ ಮಣ್ಣಿನಲ್ಲಿಯೇ ಬಾಳಿ ತೋರಿದ ಪುಣ್ಯಪುರುಷರು ಸಂತ ಜೋಸೆಫ್ ವಾಜರು.

1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಕೆನರಾ ಪ್ರಾಂತ್ಯದ ಮುಖ್ಯಸ್ಥರಾಗಿ ನೇಮಕಗೊಂಡರು. ಆಗ ಇಲ್ಲಿ ಗೋವೆಯ ಅಧಿಕಾರಕ್ಕೂ ರೋಮಿನಿಂದ ನೇಮಕಗೊಂಡಿದ್ದ ಬಿಷಪರ ಅಧಿಕಾರಕ್ಕೂ ತೀವ್ರ ವಿವಾದವಿದ್ದು, ವಿಶ್ವಾಸಿಗಳು ಎರಡು ಪಕ್ಷಗಳಾಗಿ ಒಡೆದಿದ್ದರು. ಇಂತಹ ಸಂಕಟದ ನಡುವೆ ಯುವಗುರುವು ಪಕ್ಷಕಟ್ಟುವ ದಾರಿಯನ್ನು ಹಿಡಿಯದೆ ಶಾಂತಿಗಾಗಿ ಶ್ರಮಿಸಿದರು. ಬರಿಗಾಲಿನಲ್ಲಿ ಊರೂರು ಸುತ್ತಿ, ಗುರುಗಳಿಲ್ಲದೆ ಸೊರಗಿದ್ದ ಜನರಿಗೆ ಸಂಸ್ಕಾರಗಳನ್ನು ನೀಡಿದರು.

1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಸಿಂಹಳಕ್ಕೆ ತೆರಳಿದರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಮಂದೆಗೆ ಕುರುಬನಿಲ್ಲವೆಂದು ತಿಳಿದ ಮೇಲೆ ಪ್ರಾಣಭಯ ಅವರನ್ನು ತಡೆಯಲಿಲ್ಲ. 1692ರಲ್ಲಿ ಕ್ಯಾಂಡಿಯನ್ನು ತಲಪಿದಾಗ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಸೆರೆಮನೆ ಸೇರಿದರು. ಆದರೆ 1697ರಲ್ಲಿ ಸಿಡುಬು ಹಬ್ಬಿ ಜನರು ಊರು ಬಿಟ್ಟು ಓಡಿದಾಗ, ವಾಜರು ಓಡಲಿಲ್ಲ. ತ್ಯಜಿಸಲ್ಪಟ್ಟ ರೋಗಿಗಳನ್ನು ಮತಭೇದವೆಣಿಸದೆ ಶುಶ್ರೂಷೆ ಮಾಡಿದರು, ಸತ್ತವರನ್ನು ಹೂಳಿದರು. ಬೌದ್ಧ ಅರಸನ ಮನ್ನಣೆಯೂ ಅವರಿಗೆ ದೊರೆಯಿತು.

ಬಿಷಪ್ ಪದವಿ ಅರಸಿ ಬಂದಾಗ ಅವರು ಒಪ್ಪಲಿಲ್ಲ. ಸಿಂಹಳ, ತಮಿಳು ಭಾಷೆಗಳನ್ನು ಕಲಿತರು, ಸಂಗಡಿಗ ಗುರುಗಳನ್ನು ತಯಾರುಗೊಳಿಸಿದರು. ಆದುದರಿಂದಲೇ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಕಣ್ಮುಚ್ಚಿದ ಬಳಿಕವೂ ಆ ಸೇವೆ ನಿಲ್ಲಲಿಲ್ಲ. 1995ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಫ್ರಾನ್ಸಿಸ್ ಜಗದ್ಗುರುಗಳು ಸಂತರೆಂದೂ ಕೊಲಂಬೊದಲ್ಲಿ ಸಾರಿದರು.

ದೇವರ ಮಂದೆಯ ಮೇಲೆ ದೊರೆತನ ನಡೆಸದೆ ಅದಕ್ಕೆ ಮಾದರಿಯಾಗಿರಬೇಕೆಂದು ಸಂತ ಪೇತ್ರರು ತಮ್ಮ ಪತ್ರದಲ್ಲಿ ಹಿರಿಯರನ್ನು ಎಚ್ಚರಿಸುತ್ತಾರೆ. ಇಂದು ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ, ಸಂಘಗಳಲ್ಲಿ, ಧರ್ಮೋಪದೇಶದ ತರಗತಿಗಳಲ್ಲಿ ಹೊಣೆ ಹೊತ್ತಿರುವ ನಾವು ಈ ಎಚ್ಚರಿಕೆಯನ್ನು ಮರೆಯಬಾರದು. ಪೀಠಕ್ಕಾಗಿ ಪೈಪೋಟಿ ಹುಟ್ಟಿದಲ್ಲಿ ಸಭೆ ಒಡೆಯುತ್ತದೆ. ಪಾದ ತೊಳೆಯಲು ಕೈ ಮುಂದಾದಲ್ಲಿ ಸಭೆ ಬೆಳೆಯುತ್ತದೆ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ.